ಕೆಂಗೇರಿ–ಐಟಿಪಿಎಲ್ ದಿನಾ ಕಾರು: ಪೆಟ್ರೋಲ್, ಸಿಎನ್‌ಜಿ, ಮೆಟ್ರೋ ಲೆಕ್ಕ ಹೇಗೆ ಹಾಕೋದು?

ಉಪನಗರ_72: ಬೆಂಗಳೂರಿನ ಕೆಂಗೇರಿ ಉಪನಗರದಿಂದ ವೈಟ್‌ಫೀಲ್ಡ್ ಕಡೆಯ ಐಟಿ ಪಾರ್ಕ್ ಐಟಿಪಿಎಲ್‌ಗೆ ಒಂದು ಕಡೆಗೆ 36 ಕಿ.ಮೀ., ತಿಂಗಳಿಗೆ 22 ದಿನ, ಅಂದ್ರೆ 1,584 ಕಿ.ಮೀ. ಗಾಡಿ 2019ರ 1.2 ಲೀಟರ್ ಪೆಟ್ರೋಲ್, ಮ್ಯಾನುಯಲ್. ಡಿಸ್‌ಪ್ಲೇ 13.8 ಮೈಲೇಜ್ ತೋರಿಸುತ್ತೆ. ಲೀಟರಿಗೆ 103 ಹಿಡಿದರೆ ಹನ್ನೆರಡು ಸಾವಿರದೊಳಗೆ ಮುಗಿಬೇಕು, ಆದ್ರೆ ಬಂಕ್ ಬಿಲ್ಲು ಹದಿಮೂರೂವರೆ ದಾಟ್ತಿದೆ. ಉಳಿದದ್ದು ಎಲ್ಲಿ ಸೋರ್ತಿದೆ? 60,000 ಕೊಟ್ಟು ಸಿಎನ್‌ಜಿ ಕಿಟ್ ಹಾಕಿಸೋದಾ, ಕಾರು ಬಿಟ್ಟು ಮೆಟ್ರೋ ಹಿಡಿಯೋದಾ?

ಟ್ಯಾಂಕ್‌ಫುಲ್: ಎಲ್ಲೂ ಸೋರ್ತಿಲ್ಲ ಸರ್, ಡಿಸ್‌ಪ್ಲೇ ಹೊಗಳ್ತಿದೆ ಅಷ್ಟೆ. ಅದು ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನೋದರ ಮೇಲೆ ಹಾಕೋ ಅಂದಾಜು. ಸರಾಸರಿ ರೀಸೆಟ್ ಮಾಡದೆ ಬಿಟ್ಟಿದ್ರೆ ವಾರಾಂತ್ಯದ ಹೈವೇ ಓಟವೂ ಅದರಲ್ಲಿ ಸೇರಿಕೊಂಡಿರುತ್ತೆ. ನಿಜವಾದ ಮೈಲೇಜ್ ತಿಳಿಯೋಕೆ ಟ್ಯಾಂಕ್ ಫುಲ್ ಮಾಡಿಸಿ, ನಾಜಲ್ ಮೊದಲ ಸಲ ಟಕ್ ಅಂದಾಗ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲವೂ ಅದೇ ಬಂಕಲ್ಲಿ, ಸಾಧ್ಯವಾದ್ರೆ ಅದೇ ನಾಜಲ್ಲಲ್ಲಿ ಹಾಗೇ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಟ್ಯಾಂಕ್ ನೋಡಿ, ಒಂದು ಸಾಲದು. ಟಕ್ ಅಂದ ಮೇಲೂ "ರೌಂಡ್ ಮಾಡ್ಲಾ ಸರ್" ಅಂದ್ರೆ ಬೇಡ ಅನ್ನಿ. ಲೆಕ್ಕ ಕೆಡುತ್ತೆ, ಮೇಲಾಗಿ ಪೆಟ್ರೋಲ್ ಆವಿ ಹಿಡಿಯೋ ಇದ್ದಿಲಿನ ಡಬ್ಬಿಗೆ ದ್ರವವೇ ನುಗ್ಗಿ ಅದು ಹಾಳಾಗುತ್ತೆ.

ನಿಮ್ಮ ಬಿಲ್ಲಿನ ಪ್ರಕಾರ ನಿಜವಾದ ಮೈಲೇಜ್ 12ರ ಆಸುಪಾಸು. ಎಸಿ ಹಾಕಿ ನಿಂತ 1.2 ಇಂಜಿನ್ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ಕುಡಿಯುತ್ತೆ. ಸಿಗ್ನಲ್ಲು, ಜಾಮು ಸೇರಿ ಒಂದು ಕಡೆಗೆ 40 ನಿಮಿಷ ನಿಂತ್ರೆ, ಮೂರು ಲೀಟರಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ನಿಂತಲ್ಲೇ ಹೋಯ್ತು. ಜೊತೆಗೆ ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಲೀಟರಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಹಾಗಾಗಿ ಇ10ಕ್ಕೆ ಹೋಲಿಸಿದರೆ ಲೀಟರಿಗೆ ಶೇ. 3ರಿಂದ 4 ನಷ್ಟ. ನಿಮ್ಮ ಓಟಕ್ಕೆ ತಿಂಗಳಿಗೆ ನಾಲ್ಕೂವರೆ ಲೀಟರ್.

ಪಾನಾ_13: ಪೆಟ್ರೋಲ್ ಒಂದೇ ಹಿಡಿದು ಕೂತ್ರೆ ಆಗಲ್ಲ. ಸರ್ವಿಸ್ 10,000 ಕಿ.ಮೀ.ಗೆ 7,500 ಅಂದ್ರೆ ಕಿ.ಮೀ.ಗೆ 75 ಪೈಸೆ. ನಾಲ್ಕು ಟಯರು 20,000, ನಲವತ್ತು ಸಾವಿರ ಕಿ.ಮೀ. ಬಂದ್ರೆ 50 ಪೈಸೆ. ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟಿಗೆ 40 ಪೈಸೆ ಇಡಿ. ಜಾಮಿನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡೇ ತೆವಳಿಸೋರಿಗೆ ಇದೂ ಸಾಲಲ್ಲ. ಒಟ್ಟು 1.65, ತಿಂಗಳಿಗೆ ಸುಮಾರು 2,600.

ಇನ್ಶೂರೆನ್ಸು, ಕಾರಿನ ಸಾಲದ ಕಂತು ಇದಕ್ಕೆ ಸೇರಿಸಬೇಡಿ. ಕಾರು ಮನೇಲಿ ನಿಂತ್ರೂ ಅವನ್ನು ಕಟ್ಟಲೇಬೇಕು. ಮೆಟ್ರೋ ಜೊತೆ ಹೋಲಿಸುವಾಗ, ಗಾಡಿ ತೆಗೆಯದಿದ್ರೆ ಯಾವ ಖರ್ಚು ನಿಲ್ಲುತ್ತೋ ಅದನ್ನಷ್ಟೇ ಲೆಕ್ಕಕ್ಕೆ ತಗೊಳ್ಳಿ. ನಿಮಗೆ ಅದು 13,600 + 2,600 = 16,200.

ಸಿಲಿಂಡರ್_ಸ್ವಾಮಿ: ಸಿಎನ್‌ಜಿ ಕೆ.ಜಿ.ಗೆ 89 ಹಿಡಿಯೋಣ, ಸಿಟಿಯಲ್ಲಿ ಕೆ.ಜಿ.ಗೆ 16 ಕಿ.ಮೀ. ತಿಂಗಳಿಗೆ 99 ಕೆ.ಜಿ., 8,800 ರೂಪಾಯಿ. ಇಂಜಿನ್ ಬಿಸಿ ಆಗೋವರೆಗೆ ಪೆಟ್ರೋಲಲ್ಲೇ ಓಡುತ್ತೆ, ಅದಕ್ಕೆ 500. ಉಳಿತಾಯ 4,300. ಕಿಟ್ ದುಡ್ಡು 14 ತಿಂಗಳಲ್ಲಿ ವಾಪಸ್.

ಕಾಗದದ ಮೇಲೆ ಚೆನ್ನಾಗಿದೆ. ಆದ್ರೆ 60 ಲೀಟರ್ ಸಿಲಿಂಡರಿಗೆ 200 ಬಾರ್ ಒತ್ತಡ ಇದ್ರೂ ಬಳಕೆಗೆ ಸಿಗೋದು 8 ಕೆ.ಜಿ. ಚಿಲ್ಲರೆ, ಅಂದ್ರೆ 128 ಕಿ.ಮೀ. ನಿಮ್ಮ ಎರಡು ದಿನಕ್ಕೇ 144 ಬೇಕು! ಲಾರಿಯಲ್ಲಿ ಗ್ಯಾಸ್ ತರಿಸಿ ತುಂಬೋ ಬಂಕಾದ್ರೆ ಸಂಜೆ ಹೊತ್ತಿಗೆ ಒತ್ತಡ ಇಳಿದಿರುತ್ತೆ, 6 ಕೆ.ಜಿ. ಹಿಡಿದ್ರೆ ಪುಣ್ಯ. ತಿಂಗಳಿಗೆ 12ರಿಂದ 16 ಸಲ ಕ್ಯೂ. ಡಿಕ್ಕಿ ಹೋಯ್ತು ಅಂತ್ಲೇ ತಿಳ್ಕೊಳ್ಳಿ.

ಹಾಕಿಸೋದೇ ಆದ್ರೆ ಇಂಜಿನ್ನಿನ ಒಂದೊಂದು ಸಿಲಿಂಡರಿಗೂ ಸರದಿಯಂತೆ ಗ್ಯಾಸ್ ಬಿಡೋ ಸೀಕ್ವೆನ್ಷಿಯಲ್ ಕಿಟ್ಟೇ ಹಾಕಿಸಿ. ಆರ್‌ಟಿಒದಲ್ಲಿ ಆರ್‌ಸಿಗೆ ಸಿಎನ್‌ಜಿ ಸೇರಿಸಿ, ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಇದನ್ನು ಬಿಟ್ರೆ ಅಪಘಾತದ ಕ್ಲೇಮು ಅಲ್ಲೇ ನಿಲ್ಲುತ್ತೆ. ಮೂರು ವರ್ಷಕ್ಕೊಮ್ಮೆ ಗ್ಯಾಸ್ ಸಿಲಿಂಡರಿನ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಕಡ್ಡಾಯ.

ಉಪನಗರ_72: 16 ಸಲ ಕ್ಯೂ ನನ್ನ ಕೈಲಾಗಲ್ಲ. ಮೆಟ್ರೋ ಆದ್ರೆ ಎಷ್ಟು? ಕಾರು ಸುಮ್ನೆ ನಿಂತ್ರೆ ಕೆಡಲ್ವಾ?

ನೇರಳೆ_ಮಾರ್ಗ: ಕೆಂಗೇರಿಯಿಂದ ಐಟಿಪಿಎಲ್ ಹತ್ತಿರದ ಸ್ಟೇಷನ್ ಪಟ್ಟಂದೂರು ಅಗ್ರಹಾರಕ್ಕೆ ಒಂದೇ ರೈಲು, ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತೋ ಗೋಜಿಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ ನಿಗದಿಯಾದ ಗರಿಷ್ಠ ದರ 90, ನಿಮ್ಮ ದೂರಕ್ಕೆ ಅದೇ. ಸ್ಮಾರ್ಟ್ ಕಾರ್ಡಿಗೆ ಶೇ. 5 ರಿಯಾಯಿತಿ ಕಳೆದು 85.50. ಹೋಗಿ ಬಂದು 22 ದಿನಕ್ಕೆ 3,762. ಸ್ಟೇಷನ್ನಿಗೆ ಸ್ಕೂಟರ್, ಪಾರ್ಕಿಂಗು ಅಂತ 1,500 ಸೇರಿಸಿದ್ರೂ ಕಾರಿಗಿಂತ ಹತ್ತು ಸಾವಿರದ ಮೇಲೆ ಉಳಿಯುತ್ತೆ. ಸಮಯ ಒಂದೂಕಾಲು ಗಂಟೆ ಮೇಲೆ ಹಿಡಿಯುತ್ತೆ, ಆದ್ರೆ ಕೆಂಗೇರಿಯಲ್ಲಿ ಹತ್ತಿದ್ರೆ ಬೆಳಿಗ್ಗೆ ಸೀಟು ಸಿಗೋ ಸಾಧ್ಯತೆ ಚೆನ್ನಾಗಿದೆ. ಸಂಜೆ ಆ ಭಾಗ್ಯ ನಂಬಬೇಡಿ.

ಪಾನಾ_13: ಕಾರು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಬರೀ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆಫ್ ಮಾಡಿದ್ರೆ, ಸ್ಟಾರ್ಟಿಗೆ ಖರ್ಚಾದ ಚಾರ್ಜೂ ಬ್ಯಾಟರಿಗೆ ವಾಪಸ್ ಬರಲ್ಲ. ಓಟ ಕಮ್ಮಿ ಅಂತ ಸರ್ವಿಸ್ ಮುಂದೂಡಬೇಡಿ, ಆಯಿಲ್ ವರ್ಷಕ್ಕೊಮ್ಮೆ ಬದಲಾಗಲೇಬೇಕು. ಇನ್ಶೂರೆನ್ಸ್ ರಿನ್ಯೂ ಮಾಡುವಾಗ ಓಡಿಸಿದಷ್ಟಕ್ಕೆ ಕಟ್ಟೋ ಪಾಲಿಸಿ ಇದೆಯಾ ಕೇಳಿ. ಕಮ್ಮಿ ಆಗೋದು ನಿಮ್ಮ ಕಾರಿನ ಹಾನಿಗೆ ಕಟ್ಟೋ ಓನ್ ಡ್ಯಾಮೇಜ್ ಭಾಗ ಮಾತ್ರ, ಬೇರೆಯವರ ಹಾನಿಗೆ ಕಟ್ಟೋ ಥರ್ಡ್ ಪಾರ್ಟಿ ಭಾಗ ಅಷ್ಟೇ ಇರುತ್ತೆ. ನೀವು ಹೇಳಿದ ಕಿ.ಮೀ. ಮಿತಿ ದಾಟೋ ಮೊದಲೇ ಟಾಪ್-ಅಪ್ ಹಾಕಿಸಿ.