ರಕ್ತನಾಳದ ಮಾದರಿಗೆ ಸಣ್ಣ ವಾಲ್ವ್ ಬೇಕು (ಕೋಲಾರ)

ನಮಸ್ಕಾರ. ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ರಕ್ತನಾಳಗಳ ಮಾದರಿ ಮಾಡುತ್ತಿದ್ದೇವೆ. ಟೊಮೆಟೊ ತೋಟದಲ್ಲಿ ಉಳಿದ ಡ್ರಿಪ್ ಪೈಪುಗಳೇ ಸಾಮಾನು. ಅಪಧಮನಿಗೆ ದಪ್ಪ ಪೈಪ್ ಹಾಕಿದ್ದೇವೆ, ಹೃದಯ ಜೋರಾಗಿ ತಳ್ಳುವ ರಕ್ತದ ಒತ್ತಡ ತಡೀಬೇಕಲ್ವಾ? ಶ್ವಾಸಕೋಶಕ್ಕೆ ಹೋಗುವ ಅಪಧಮನಿಗೆ ಮಾತ್ರ ನೀಲಿ ಬಣ್ಣ. ಅದರಲ್ಲಿ ಆಮ್ಲಜನಕ ಕಡಿಮೆ, ಸುಮ್ನೆ ತಪ್ಪು ಅನ್ನಬೇಡಿ!

ತೊಡಕು ಹೃದಯಕ್ಕೆ ರಕ್ತ ವಾಪಸ್ ತರುವ ಅಭಿಧಮನಿಯದು. ಕಾಲಿನಿಂದ ಮೇಲೆ ಹತ್ತುವ ರಕ್ತ ವಾಪಸ್ ಇಳಿಯದಂತೆ ಅದರೊಳಗೆ ಕವಾಟಗಳಿರುತ್ತವೆ. ಬೋರ್‌ವೆಲ್ಲಿನ ಚೆಕ್ ವಾಲ್ವ್ ಇದಕ್ಕೆ ತುಂಬಾ ದೊಡ್ಡದು. ಬೆರಳು ಗಾತ್ರದ್ದು ಕೋಲಾರದಲ್ಲೋ ಬಂಗಾರಪೇಟೆಯಲ್ಲೋ ಎಲ್ಲಿ ಸಿಗುತ್ತದೆ? ಬಲೂನ್ ರಬ್ಬರಿನಲ್ಲಿ ಮಾಡಬಹುದಾ?

ಇನ್ನೊಂದು, ಲೋಮನಾಳದ (ಅತಿ ಸಣ್ಣ ರಕ್ತನಾಳ) ಗೋಡೆ ಒಂದೇ ಜೀವಕೋಶದಷ್ಟು ತೆಳು. ಆಮ್ಲಜನಕ, ಪೋಷಕಾಂಶ ಅಲ್ಲಿಂದಲೇ ಹೊರಗೆ ದಾಟುತ್ತವೆ. ಅದನ್ನು ತೋರಿಸೋಕೆ ಏನು ಬಳಸಲಿ? ವಿಜ್ಞಾನ ಮೇಷ್ಟ್ರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.