ಆಯಿಲ್ ಪೇಂಟಿಂಗ್: ನನ್ನ ಹರಿಗೋಲು ನೀರಿನ ಮೇಲೆ ಕೂರುತ್ತಿಲ್ಲ, ಅನುಭವ ಇದ್ದವರು ಹೇಳಿ

ಕೇಳಿದವರು, ಸಿಂಧನೂರು:
ಇಷ್ಟು ದಿನ ವಾಟರ್‌ಕಲರ್ ಮಾಡುತ್ತಿದ್ದೆ, ಈಗ ಆಯಿಲ್‌ಗೆ ಕೈ ಹಾಕಿದ್ದೇನೆ. ಆನೆಗೊಂದಿಯ ತುಂಗಭದ್ರಾ ದಡದ ಹರಿಗೋಲುಗಳನ್ನು, ಅಂದರೆ ಬುಟ್ಟಿಯಂಥ ದುಂಡು ದೋಣಿಗಳನ್ನು, ಬರೆಯುವ ಆಸೆ. ಆದರೆ ನಾನು ಬರೆದದ್ದು ನೀರಿನಲ್ಲಿ ಇದ್ದ ಹಾಗೆ ಕಾಣುವುದಿಲ್ಲ, ಮೇಲೆ ಅಂಟಿಸಿದ ಹಾಗಿದೆ. ಮೊದಲು ಮನೆಯಲ್ಲಿ ಸ್ಟಿಲ್ ಲೈಫ್ (ವಸ್ತುಗಳನ್ನು ಎದುರಿಗೆ ಇಟ್ಟುಕೊಂಡು ನೋಡಿ ಬರೆಯುವುದು) ಮಾಡಿ ಅಂತ ಕೆಲವರು, ನೇರ ಹೊಳೆಗೆ ಹೋಗಿ ಅಂತ ಕೆಲವರು. ಬಣ್ಣ ಒಣಗುವ ಲೆಕ್ಕವೂ ತಿಳಿಯುತ್ತಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ಗಂಗಾವತಿಯಿಂದ:
ಮೇಡಂ, ಅವೆರಡು ಬೇರೆ ಬೇರೆ ಅಂದುಕೊಳ್ಳಬೇಡಿ. ಟೇಬಲ್ ಮೇಲೆ ಒಂದು ಕನ್ನಡಿ ಮಲಗಿಸಿ, ಅದರ ಮೇಲೆ ಬಿದಿರಿನ ಬುಟ್ಟಿ ಇಡಿ. ಸ್ಟಿಲ್ ಲೈಫೂ ಅದೇ, ಹರಿಗೋಲೂ ಅದೇ.

ಮೊದಲು ಬುಟ್ಟಿಯ ಬಾಯಿ ನೋಡಿ. ನಿಂತು ನೋಡಿದರೆ ಅಗಲವಾದ ಅಂಡಾಕಾರ. ಕೂತರೆ ಚಪ್ಪಟೆ. ಕಣ್ಣು ಅಂಚಿನ ಮಟ್ಟಕ್ಕೆ ಬಂದರೆ ಬರೀ ಗೆರೆ. ಈಗ ತಳ ಕನ್ನಡಿಗೆ ತಾಗುವ ಜಾಗ ನೋಡಿ. ಅದು ಕಣ್ಣಿಗಿಂತ ಇನ್ನೂ ಕೆಳಗಿದೆ. ಹಾಗಾಗಿ ಅಲ್ಲಿನ ಗೆರೆ ಬಾಯಿಯ ಗೆರೆಗಿಂತ ಜಾಸ್ತಿ ಬಾಗಿರುತ್ತದೆ. ಹೊಸಬರು ಅದನ್ನು ಸುಮ್ನೆ ನೇರ ಎಳೆದುಬಿಡುತ್ತಾರೆ. ಅಂಟಿಸಿದ ಹಾಗೆ ಕಾಣುವುದು ಬಹುಪಾಲು ಅದರಿಂದಲೇ.

ಇನ್ನೊಂದು ಬಿಂಬದ ವಿಷಯ. ದಡದಲ್ಲಿ ನಿಂತವರಿಗೆ ಹರಿಗೋಲಿನ ಒಳಗಿನ ಬಿದಿರಿನ ಹೆಣಿಗೆ ಕಾಣುತ್ತದೆ. ನೀರಿನೊಳಗಿನ ಬಿಂಬದಲ್ಲಿ ಅದು ಕಾಣಬಾರದು. ಅಲ್ಲಿ ಕಾಣುವುದು ಹೊರಮೈ ಮಾತ್ರ, ಡಾಂಬರು ಬಳಿದ ಕಪ್ಪು. ಮೇಲಿನ ಚಿತ್ರವನ್ನೇ ತಲೆಕೆಳಗು ಮಾಡಿ ಇಟ್ಟರೆ ನೋಡುವವರ ಕಣ್ಣು ತಕ್ಷಣ ಹಿಡಿಯುತ್ತದೆ. ಕನ್ನಡಿಯಲ್ಲಿ ನೋಡಿ, ನಿಮಗೇ ಗೊತ್ತಾಗುತ್ತದೆ. ಆ ಕಪ್ಪಿಗೆ ಟ್ಯೂಬಿನ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನಾ ಅನ್ನುವ ಕೆಂಗಂದು ಎರಡನ್ನೂ ಕಲಸಿ. ಬಿಂಬದ ಕಪ್ಪು ಸ್ವಲ್ಪ ತಿಳಿ ಇರಲಿ. ನೀರು ತಾಗುವ ಅಂಚನ್ನು ಒಣ ಬ್ರಷ್‌ನಿಂದ ಅಲ್ಲಲ್ಲಿ ಮಸುಕು ಮಾಡಿ, ಪೂರ್ತಿ ಅಲ್ಲ.

ಹೊಳೆಗೆ ಹೋಗುವುದಾದರೆ ಬೆಳಕು ಹರಿಯುವಾಗಲೇ ಹೋಗಿ. ಬಿಸಿಲು ಏರಿದ ಮೇಲೆ ಬಂಡೆಗಳೆಲ್ಲ ಬೆಳ್ಳಗಾಗಿ ನೆರಳೇ ಸಿಗುವುದಿಲ್ಲ. ಚಿಕ್ಕ ಬೋರ್ಡ್ ಸಾಕು, ಎಂಟು ಇಂಚಿಗೆ ಹತ್ತು ಇಂಚು. ಕಪ್ಪು, ನಡುವಿನದು, ತಿಳಿ ಅಂತ ಮೂರೇ ಛಾಯೆಯಲ್ಲಿ ಮುಗಿಸಿ, ಬಣ್ಣ ಮನೆಯಲ್ಲಿ ಹಾಕಿ. ದಡದಲ್ಲಿ ಬೋರಲು ಹಾಕಿದ ಹರಿಗೋಲಿನಿಂದ ಶುರು ಮಾಡುವುದು ಒಳ್ಳೆಯದು, ಅದು ಗಿರಗಿರ ತಿರುಗುವುದಿಲ್ಲ! ಡ್ಯಾಂನಿಂದ ಜಾಸ್ತಿ ನೀರು ಬಿಟ್ಟಾಗ ಮಾತ್ರ ದಡದಿಂದ ದೂರ ಇರಿ.

ಬಳ್ಳಾರಿಯಿಂದ:
ಒಣಗುವ ಲೆಕ್ಕ ನಾನು ಹೇಳುತ್ತೇನೆ. ವಾಟರ್‌ಕಲರ್‌ನಲ್ಲಿ ನೀರು ಆರಿಹೋಗುತ್ತದೆ. ಆಯಿಲ್ ಬಣ್ಣದಲ್ಲಿರುವ ಅಗಸೆ ಎಣ್ಣೆ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಅದಕ್ಕೇ ಮೊದಲ ಪದರಕ್ಕೆ ಬಣ್ಣ ತೆಳು ಮಾಡುವ ಟರ್ಪಂಟೈನ್ ಜಾಸ್ತಿ, ಮೇಲೆ ಹೋದ ಹಾಗೆ ಎಣ್ಣೆ ಜಾಸ್ತಿ. ಉಲ್ಟಾ ಮಾಡಿದರೆ ಮೇಲಿನದು ಮೊದಲು ಬಿಗಿದು, ಆಮೇಲೆ ಬಿರುಕು ಬಿಡುತ್ತದೆ. ಬಣ್ಣದಿಂದ ಬಣ್ಣಕ್ಕೂ ವ್ಯತ್ಯಾಸ ಇದೆ. ತೆಳ್ಳಗೆ ಹಚ್ಚಿದ ಅಂಬರ್ ಕಂದು ಒಂದೆರಡು ದಿನಕ್ಕೆ ಕೈಗೆ ಅಂಟುವುದಿಲ್ಲ, ಟೈಟಾನಿಯಂ ಬಿಳಿ ವಾರ ತಗೊಳ್ಳಬಹುದು. ವಾರ್ನಿಷ್‌ಗೆ ಆರು ತಿಂಗಳು ಕಾಯಿರಿ.

ಇದಕ್ಕಿಂತ ಮುಖ್ಯ, ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನಮ್ಮ ಕಡೆಯ ಮೇ ತಿಂಗಳ ಬಿಸಿಲಲ್ಲಂತೂ ಹೇಳುವುದೇ ಬೇಡ. ನೀರಲ್ಲಿ ನೆನೆಸಿ ಮುಚ್ಚಳ ಇರುವ ತಗಡಿನ ಡಬ್ಬಿಗೆ ಹಾಕಿ. ಹಸಿ ಕ್ಯಾನ್ವಾಸ್ ಮೇಲೆ ಕೆಂಪು ಧೂಳು ಕೂರದಿರಲು ಗೋಡೆಯ ಕಡೆ ಮುಖ ಮಾಡಿ ಓರೆಯಾಗಿ ಒರಗಿಸಿಡುತ್ತೇನೆ.

ರಾಯಚೂರಿನಿಂದ:
ಪುಸ್ತಕಗಳಲ್ಲಿ ಸ್ಟಿಲ್ ಲೈಫ್‌ಗೆ ಉತ್ತರದ ಕಿಟಕಿ ಅಂತ ಇರುತ್ತದೆ, ಬೆಳಕು ಬದಲಾಗುವುದಿಲ್ಲ ಅಂತ. ಅದು ಯುರೋಪಿನವರ ಮಾತು. ನಮ್ಮಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದ ತನಕ ನಡುಮಧ್ಯಾಹ್ನದ ಸೂರ್ಯನೇ ಉತ್ತರಕ್ಕಿರುತ್ತಾನೆ. ಆಗ ಕಿಟಕಿಗೆ ಬಿಳಿ ಪಂಚೆ ಕಟ್ಟಿ, ಇಲ್ಲವೇ ಕಿಟಕಿ ಮುಚ್ಚಿ ಒಂದೇ ಬಲ್ಬ್ ಇಟ್ಟುಕೊಳ್ಳಿ.

ಬಣ್ಣಕ್ಕೆ ಅಡುಗೆಯ ಕುಸುಬೆ ಎಣ್ಣೆ ನಡೆಯುತ್ತದಾ ಅಂತ ಇಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಬಿಳಿ ಬಣ್ಣ ಹಳದಿಯಾಗದಿರಲಿ ಅಂತ ಬಣ್ಣದ ಕಂಪನಿಗಳು ಕುಸುಬೆ ಎಣ್ಣೆ ಬಳಸುವುದು ನಿಜ. ಆದರೆ ಅಂಗಡಿಯ ಅಡುಗೆ ಎಣ್ಣೆಗಳಲ್ಲಿ ಕೆಲವು ಒಣಗುವುದೇ ಇಲ್ಲ. ಬೇಡ.

ಕೊಪ್ಪಳದಿಂದ:
ಅಕ್ಕಾ, ಕಿನ್ನಾಳದ ಮರದ ಗೊಂಬೆ ಇಟ್ಟು ಬರೆಯೋಣ ಅನಿಸುತ್ತದೆ, ಎಲ್ಲರಿಗೂ ಅನಿಸುತ್ತದೆ. ಈಗಲೇ ಬೇಡ. ಅದರ ಮೇಲೆ ಆಗಲೇ ಗಾಢ ಬಣ್ಣ ಇದೆ. ಗೊಂಬೆಯ ಬಣ್ಣ ಯಾವುದು, ಬೆಳಕಿನಿಂದ ಬಂದದ್ದು ಯಾವುದು ಅಂತ ಬಿಡಿಸುವುದೇ ಕಷ್ಟ. ಹಿತ್ತಾಳೆ ತಂಬಿಗೆ, ದಾಳಿಂಬೆ ಸಾಕು. ತಂಬಿಗೆಗೆ ಅಂತ ಒಂದು ಹಳದಿ ಇಲ್ಲ. ಪಕ್ಕದ ಬಟ್ಟೆ, ಹಣ್ಣು, ನಿಮ್ಮ ಸೀರೆ ಎಲ್ಲ ಅದರೊಳಗಿರುತ್ತದೆ. ಹೊಳಪಿನ ಚುಕ್ಕಿ ಕೊನೆಗೆ, ದಪ್ಪ ಬಣ್ಣದಲ್ಲಿ ಒಂದೇ ಸಲ ಇಟ್ಟು ಕೈ ತೆಗೆಯಿರಿ. ತಿದ್ದಿದರೆ ಕೆಟ್ಟಿತು. ದಾಳಿಂಬೆ ಹೆಚ್ಚಿದರೆ ಕೊಯ್ದ ಭಾಗ ಮೊದಲು ಬರೆಯಿರಿ, ಬೇಗ ಕಂದುತ್ತದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಕನ್ನಡಿ ಇದೆ, ಬುಟ್ಟಿಯೂ ಇದೆ. ಆದರೆ ಬುಟ್ಟಿ ತುಂಬ ಈರುಳ್ಳಿ. ಖಾಲಿ ಮಾಡಬೇಕಾ?

ಗಂಗಾವತಿಯಿಂದ:
ಅರ್ಧ ತೆಗೆಯಿರಿ, ಅರ್ಧ ಇರಲಿ. ಅಂಚಿನ ನೆರಳು ಈರುಳ್ಳಿಯ ಮೇಲೆ ಎಲ್ಲಿಯ ತನಕ ಬರುತ್ತದೆ ಅಂತ ಗುರುತು ಮಾಡಿಕೊಳ್ಳಿ. ಹರಿಗೋಲಿನಲ್ಲಿ ಕೂತ ಜನರ ಕಾಲ ಮೇಲೆ ಬೀಳುವುದೂ ಅದೇ ನೆರಳು.