ಸಹಾಯ ಬೇಕು: 38,000 ಕಿ.ಮೀ.ಗೇ ಕ್ಲಚ್ ಪ್ಲೇಟ್ ಹೋಯ್ತಾ?

ನಮಸ್ಕಾರ ರೀ ಎಲ್ಲರಿಗೂ. ನಾನು ಬೆಳಗಾವಿಯವನು, ಡೀಸೆಲ್ ಕಾರು. ಹೋದ ಭಾನುವಾರ ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಬರುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಸುಮ್ನೆ ಕೂಗುತ್ತೆ, ಆರ್‌ಪಿಎಂ ಮುಳ್ಳು ಮೇಲೇಳುತ್ತೆ, ಗಾಡಿ ಮಾತ್ರ ಎಳೆಯೋದೇ ಇಲ್ಲ. ಹಿಂದೆ ಕೂತಿದ್ದ ಅವ್ವ "ಏನೋ ಸುಡಾಕತ್ತೈತಲ್ಲೋ" ಅಂದಳು.

ತಪ್ಪು ನಂದೂ ಇದೆ. ಟಿಳಕವಾಡಿ ರೈಲ್ವೆ ಗೇಟ್ ಹತ್ತಿರ ಟ್ರಾಫಿಕ್ಕಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಹಾಫ್ ಕ್ಲಚ್ ಮೇಲೇ (ಪೆಡಲ್ ಅರ್ಧ ಒತ್ತಿ) ಗಾಡಿ ನಿಲ್ಲಿಸೋ ಚಟ. ಪೆಡಲ್ ಪೂರ್ತಿ ಬಿಟ್ಟರೆ ಪ್ರೆಷರ್ ಪ್ಲೇಟ್ ಕ್ಲಚ್ ಪ್ಲೇಟನ್ನು ಇಂಜಿನ್ ಜೊತೆ ತಿರುಗೋ ಭಾರದ ಚಕ್ರಕ್ಕೆ, ಅಂದ್ರೆ ಫ್ಲೈವೀಲ್‌ಗೆ ಗಟ್ಟಿಯಾಗಿ ಒತ್ತಿ ಹಿಡಿಯುತ್ತೆ, ಎಲ್ಲಾ ಒಟ್ಟಿಗೆ ತಿರುಗುತ್ತವೆ, ಅರ್ಧ ಒತ್ತಿದಾಗ ಮಾತ್ರ ಒಂದಕ್ಕೊಂದು ಉಜ್ಜಿ ಕಾದು ಸವೆಯುತ್ತೆ ಅಂತ ಈಗ ಗೊತ್ತಾಯ್ತು. ಲೇಟಾಗಿ!

ನಿನ್ನೆ ಸಪಾಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕನೇ ಗೇರ್ ಹಾಕಿ ಕ್ಲಚ್ ನಿಧಾನ ಬಿಟ್ಟೆ. ಇಂಜಿನ್ ತಕ್ಷಣ ಬಂದ್ ಆಗಬೇಕಿತ್ತು ಅಲ್ವಾ? ನಾಲ್ಕು ಸೆಕೆಂಡ್ ಓಡ್ತಾನೇ ಇತ್ತು.

ಒಬ್ಬ ಮೆಕ್ಯಾನಿಕ್ ಬರೀ ಪ್ಲೇಟ್ ಸಾಕು ಅಂತಾನೆ. ಇನ್ನೊಬ್ಬರು ಗೇರ್‌ಬಾಕ್ಸ್ ಹೇಗೂ ಇಳಿಸಬೇಕು, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಪ್ರೆಷರ್ ಪ್ಲೇಟನ್ನು ಸಡಿಲಿಸೋ ಭಾಗ) ಎಲ್ಲಾ ಸೆಟ್ಟೇ ಹಾಕಿಸಿ ಅಂತಾರೆ. ಪೆಡಲ್ ಒತ್ತಿದಾಗ ಕಿರ್ರ್ ಅನ್ನೋ ಸದ್ದೇನೂ ಇಲ್ಲ, ಆದ್ರೂ ಬೇರಿಂಗ್ ಬದಲಿಸಬೇಕಾ? ಫ್ಲೈವೀಲ್ ಲೇತ್‌ಗೆ ಕೊಟ್ಟು ಮೇಲ್ಮೈ ಸಮ ಮಾಡಿಸಬೇಕಾ? ಮುಂದಿನ ವಾರ ಬಾಗಲಕೋಟೆಗೆ ಮದುವೆಗೆ ಐದು ಜನ ಹೋಗೋದಿದೆ, ಹೀಗೇ ಹೋಗಬಹುದಾ ಅಥವಾ ಬಸ್ಸೇ ಗತಿನಾ? ಮಾಡಿಸಿದವರು ಇದ್ದರೆ ಎಷ್ಟು ಖರ್ಚಾಯ್ತು ಅಂತನೂ ಹೇಳಿ ರೀ.